ಸುಮ್ಮನಾದ ಸೆನ್ಸರು: ಹಳ್ಳಿ ಡೇರಿಯ ಹಾಲಿನ ಟ್ಯಾಂಕಿಗೆ ಕ್ಲೌಡ್ ಎಷ್ಟು ಬೇಕು

ಮಂಡ್ಯ ಕಡೆ ಡೇರಿಯಲ್ಲಿ ದಿನಾ ಎರಡು ಹೊತ್ತು ಹಾಲು ಹಾಕುವ ಮನೆಯವರು ಒಂದು ಬೆಳಿಗ್ಗೆ ಬರಲಿಲ್ಲ ಅಂದರೆ ಸೆಕ್ರೆಟರಿಗೆ ಅದು ತಕ್ಷಣ ಗೊತ್ತಾಗುತ್ತೆ. ಹಸುವಿಗೆ ಕೆಚ್ಚಲು ಬಾವೋ, ಊರಿಗೆ ಹೋದರೋ, ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಾರೆ. ಬಂದವರ ಲೆಕ್ಕ ಪುಸ್ತಕದಲ್ಲಿರುತ್ತೆ, ಬಾರದವರ ಲೆಕ್ಕ ಸೆಕ್ರೆಟರಿಯ ತಲೆಯಲ್ಲಿರುತ್ತೆ.

ಯಂತ್ರಗಳಿಗೆ ಸೆನ್ಸರ್ ಕೂರಿಸಿ ಇಂಟರ್ನೆಟ್ಟಿಗೆ ಜೋಡಿಸುವಾಗ ಕ್ಲೌಡ್‌ಗೆ ವಹಿಸಬೇಕಾದ ಮೊದಲ ಕೆಲಸ ಈ ಎರಡನೆಯದು, ಬಾರದವರ ಲೆಕ್ಕ. ಮಾರುವವರು ತೋರಿಸುವುದು ಬಣ್ಣಬಣ್ಣದ ಗ್ರಾಫು. ಆದರೆ ಗ್ರಾಫನ್ನು ಟ್ಯಾಂಕಿನ ಪಕ್ಕದ ಒಂದು ಸಣ್ಣ ಪರದೆಯಲ್ಲೂ ತೋರಿಸಬಹುದು. ಕರೆಂಟ್ ಇಲ್ಲದ ಸೆನ್ಸರಿನ ಪೆಟ್ಟಿಗೆ ತನಗೆ ಕರೆಂಟ್ ಇಲ್ಲ ಅಂತ ತಾನೇ ಹೇಳಲಾರದು. ಅದನ್ನು ಗಮನಿಸುವುದಕ್ಕೆ ಹೊರಗೆ ಒಬ್ಬರು ಎಚ್ಚರವಾಗಿ ಕೂತಿರಬೇಕು. ಆ ಒಬ್ಬರು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಬಾಡಿಗೆ ಕಂಪ್ಯೂಟರು. ಕ್ಲೌಡ್ ಅಂದರೆ ಅಷ್ಟೆ. ಅಮೆಜಾನಿನವರು ಮುಂಬೈಯಲ್ಲಿ 2016ರಲ್ಲೂ ಹೈದರಾಬಾದಿನಲ್ಲಿ 2022ರಲ್ಲೂ ಕೇಂದ್ರ ತೆರೆದ ಮೇಲೆ ದತ್ತಾಂಶ ಸಿಂಗಪುರಕ್ಕೆ ಹೋಗಿಬರುವ ಅಗತ್ಯವೂ ಉಳಿದಿಲ್ಲ.

ಉದಾಹರಣೆಗೆ ಹಳ್ಳಿಯ ಬಿಎಂಸಿಯನ್ನೇ, ಅಂದರೆ ಹಾಲು ತಣಿಸುವ ದೊಡ್ಡ ಟ್ಯಾಂಕನ್ನೇ ತೆಗೆದುಕೊಳ್ಳೋಣ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ಕಾರ್ಖಾನೆಯ ಏರ್ ಕಂಪ್ರೆಸರಿಗೂ, 2ರಿಂದ 8 ಡಿಗ್ರಿಯಲ್ಲಿ ಲಸಿಕೆ ಇಡುವ ಔಷಧ ಗೋದಾಮಿಗೂ ಇದೇ ಕಟ್ಟೋಣ ಆಗುತ್ತೆ. ಅಂಕಿ ಮಾತ್ರ ಬೇರೆ.

ಹಾಲಿನ ಲೆಕ್ಕ ಮೊದಲು

ಡೇರಿಗೆ ಬರುವ ಹಾಲು ಸುಮಾರು 35 ಡಿಗ್ರಿ ಇರುತ್ತೆ. ಅದನ್ನು ಮೂರು ಗಂಟೆಯೊಳಗೆ 4 ಡಿಗ್ರಿಗೆ ಇಳಿಸಬೇಕು ಅನ್ನುವುದು ವಾಡಿಕೆಯ ಅಳತೆ. 1,000 ಲೀಟರ್ ಹಾಲಿನಿಂದ 31 ಡಿಗ್ರಿ ಇಳಿಸುವುದು ಅಂದರೆ ಸುಮಾರು 35 ಯೂನಿಟ್‌ನಷ್ಟು ಶಾಖ ಹೊರಗೆ ಹಾಕಿದ ಹಾಗೆ. ಕಂಪ್ರೆಸರು ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖ ಎತ್ತುತ್ತೆ ಅಂದುಕೊಂಡರೆ ಮೀಟರಿನಲ್ಲಿ 12ರಿಂದ 17 ಯೂನಿಟ್ ಓಡುತ್ತೆ. ಹಾಲು ಗಂಟೆಗೆ ಸರಾಸರಿ 10 ಡಿಗ್ರಿ ಇಳಿಯಬೇಕು.

ಗಂಟೆಗೆ 10 ಡಿಗ್ರಿ ಅನ್ನುವ ಈ ಇಳಿಜಾರು ತಾಪಮಾನಕ್ಕಿಂತ ಮುಖ್ಯ. ಥರ್ಮಾಮೀಟರು ಈ ಕ್ಷಣದ ಸಂಗತಿ ಹೇಳುತ್ತೆ. ಇಳಿಜಾರು ಯಂತ್ರದ ಆರೋಗ್ಯ ಹೇಳುತ್ತೆ. ಯುಗಾದಿ ಹೊತ್ತಿಗೆ ಎರಡೂವರೆ ಗಂಟೆ ಹಿಡಿಯುತ್ತಿದ್ದ ಕೆಲಸ ಅಷ್ಟೇ ಹಾಲಿಗೆ, ಅಂಥದ್ದೇ ಹವೆಯಲ್ಲಿ ಮೂರೂ ಕಾಲು ಗಂಟೆಗೆ ಬಂತು ಅಂದರೆ ಶಾಖ ಹೊರಗೆ ಬಿಡುವ ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಹುಲ್ಲಿನ ಚೂರು ಕೂತಿದೆ, ಇಲ್ಲವೆ ಗ್ಯಾಸು ಸೋರುತ್ತಿದೆ. ಮೊದಲನೆಯದಕ್ಕೆ ಬ್ರಷ್ಷು, ನೀರು ಸಾಕು. ಇದು ಒಂದು ದಿನದ ಅಂಕಿ ನೋಡಿದರೆ ಕಾಣುವುದಿಲ್ಲ. ತಿಂಗಳುಗಟ್ಟಲೆ ದಾಖಲೆ ಒಂದೇ ಕಡೆ ಇದ್ದರೆ, ಪಕ್ಕದೂರಿನ ಅದೇ ಅಳತೆಯ ಟ್ಯಾಂಕಿನ ಜೊತೆ ಇಟ್ಟು ನೋಡಿದರೆ ಕಾಣುತ್ತೆ.

ಪೆಟ್ಟಿಗೆಯೊಳಗೆ ಏನಿರಬೇಕು

ಇಎಸ್‌ಪಿ32 ಚಿಪ್ಪಿನ ಒಂದು ಬೋರ್ಡು, 4ಜಿ ಮಾಡ್ಯೂಲು, ಡಿಎಸ್18ಬಿ20 ತಾಪಮಾನ ಸೆನ್ಸರು ಎರಡು, ಕರೆಂಟ್ ಅಳೆಯುವ ಸಿಟಿ ಕ್ಲಾಂಪು ಎರಡು, ಸಮಯ ಇಟ್ಟುಕೊಳ್ಳುವ ಡಿಎಸ್3231 ಗಡಿಯಾರದ ಚಿಪ್ಪು, 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ, ಚಾರ್ಜರು, ಒಂದು ಸೈರನ್. ಇಷ್ಟೇ. ಎಡವಟ್ಟು ಆಗುವುದು ಬಿಡಿಭಾಗ ಜೋಡಿಸುವ ಕ್ರಮದಲ್ಲಿ.

ತಾಪಮಾನದ ಸೆನ್ಸರನ್ನು ಟ್ಯಾಂಕಿನ ಥರ್ಮೋವೆಲ್ಲಿನೊಳಗೆ, ಅಂದರೆ ಸೆನ್ಸರಿಗೆಂದೇ ಟ್ಯಾಂಕಿನಲ್ಲಿ ಇರುವ ತುದಿ ಮುಚ್ಚಿದ ಕೊಳವೆಯೊಳಗೆ, ಶಾಖ ಹಾಯಿಸುವ ಪೇಸ್ಟ್ ಹಚ್ಚಿ ಕೂರಿಸಿ. ಮುಚ್ಚಳದ ಹತ್ತಿರ ತೂಗುಬಿಟ್ಟರೆ ಅದು ಹೇಳುವುದು ಗಾಳಿಯ ತಾಪಮಾನ. ಮೂರು ವೈರೂ ಎಳೆಯಿರಿ. ಎರಡೇ ವೈರಿನಲ್ಲಿ ನಡೆಸುವ ವಿಧಾನ ಮೇಜಿನ ಮೇಲೆ ಕೆಲಸ ಮಾಡುತ್ತೆ, ಡೇರಿಯಲ್ಲಿ ಕೈ ಕೊಡುತ್ತೆ. ದತ್ತಾಂಶದ ವೈರಿಗೂ ವಿದ್ಯುತ್ತಿನ ವೈರಿಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರು ಇರಲೇಬೇಕು. ಸೆನ್ಸರಿನ ಕೇಬಲ್ಲನ್ನು ಕಂಪ್ರೆಸರಿನ ಕೇಬಲ್ಲಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ.

ಈ ಸೆನ್ಸರಿನ ಒಂದು ಚಾಳಿ ಗೊತ್ತಿರಬೇಕು. ಅದಕ್ಕೆ ಈಗ ತಾನೇ ಕರೆಂಟ್ ಬಂದಿದ್ದು, ಅಳತೆ ಮುಗಿಯುವ ಮೊದಲೇ ನೀವು ಓದಿದರೆ ಅದು ಸರಿಯಾಗಿ 85 ಡಿಗ್ರಿ ಅಂತ ಹೇಳುತ್ತೆ. ಅದು ಹಾಲಿನ ತಾಪಮಾನವಲ್ಲ, ಚಿಪ್ಪು ಹುಟ್ಟುವಾಗಲೇ ಇಟ್ಟುಕೊಂಡು ಬಂದ ಅಂಕಿ. ಪೂರ್ತಿ ನಿಖರತೆಯ ಅಳತೆಗೆ 750 ಮಿಲಿಸೆಕೆಂಡು ಬೇಕು, ಅಷ್ಟು ಕಾಯದಿದ್ದರೆ ಹೀಗಾಗುತ್ತೆ. ವೈರು ಕಿತ್ತುಬಂದರೆ ಈ ಸೆನ್ಸರು ಓದುವುದಕ್ಕೆ ಚಾಲ್ತಿಯಲ್ಲಿರುವ ಸಾಫ್ಟ್‌ವೇರ್ ಲೈಬ್ರರಿ ಮೈನಸ್ 127 ಅಂತ ಕೊಡುತ್ತೆ. ಇವೆರಡನ್ನೂ ತಾಪಮಾನ ಅಂತ ಕ್ಲೌಡಿಗೆ ಕಳಿಸಿದರೆ ರಾತ್ರಿ ಎರಡು ಗಂಟೆಗೆ ಸೆಕ್ರೆಟರಿಯ ಫೋನು ಹೊಡೆದುಕೊಳ್ಳುತ್ತೆ, ಹಾಲು ಮಾತ್ರ ತಣ್ಣಗೇ ಇರುತ್ತೆ. ಹಾಗಂತ ಸುಮ್ಮನೆ ಎಸೆಯಲೂಬಾರದು. "ಈ ಗಂಟೆಯಲ್ಲಿ ಕೆಟ್ಟ ಓದು ಎಷ್ಟು" ಅಂತ ಬೇರೆ ಲೆಕ್ಕ ಕಳಿಸಿ. ಆ ಲೆಕ್ಕ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕನೆಕ್ಟರಿಗೆ ನೀರು ಹೋಗುತ್ತಿದೆ.

ಸೆನ್ಸರು ಕೂರಿಸುವ ಮೊದಲು ಐಸಿನ ಪರೀಕ್ಷೆ ಮಾಡಿ. ಸ್ಟೀಲ್ ಲೋಟದ ತುಂಬ ಕುಟ್ಟಿದ ಐಸು, ಸಂದಿ ಮುಚ್ಚುವಷ್ಟು ತಣ್ಣೀರು, ಚೆನ್ನಾಗಿ ಕಲಕಿ ಐದು ನಿಮಿಷ ಬಿಡಿ. ಓದು ಸೊನ್ನೆಯಿಂದ ಆಚೀಚೆ ಅರ್ಧ ಡಿಗ್ರಿಯೊಳಗೆ ಇರಬೇಕು, ಇದು ಸೆನ್ಸರಿನ ಸ್ವಂತ ಭರವಸೆ. ಎರಡು ಡಿಗ್ರಿ ತಪ್ಪಿದರೆ ಅದು ನಕಲಿ ಮಾಲು, ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಒಳ್ಳೆಯ ಸೆನ್ಸರಿನ 0.3ರಂಥ ವ್ಯತ್ಯಾಸವನ್ನು ಪೆಟ್ಟಿಗೆಯಲ್ಲಿ ತಿದ್ದಬೇಡಿ. ಕಚ್ಚಾ ಓದನ್ನೇ ಕಳಿಸಿ, ತಿದ್ದುಪಡಿಯನ್ನು ಕ್ಲೌಡಿನ ಪಟ್ಟಿಯಲ್ಲಿ ಸೆನ್ಸರಿನ ಗುರುತಿನ ಎದುರು ಬರೆದಿಡಿ. ಮುಂದೆ ತಿದ್ದುಪಡಿಯೇ ತಪ್ಪು ಅಂತ ಗೊತ್ತಾದರೆ ಹಳೆಯ ದಾಖಲೆಯನ್ನೂ ಸರಿಮಾಡಬಹುದು.

ಸಿಟಿ ಕ್ಲಾಂಪನ್ನು ಒಂದೇ ಒಂದು ಫೇಸಿನ ವೈರಿನ ಸುತ್ತ ಹಾಕಬೇಕು. ಇಡೀ ಕೇಬಲ್ಲಿನ ಸುತ್ತ ಹಾಕಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿಹಾಕಿ ಸೊನ್ನೆ ತೋರಿಸುತ್ತೆ. ಎಷ್ಟು ಸಲ ಹೇಳಿದರೂ ಹೊಸ ಹುಡುಗರು ಮಾಡುವ ತಪ್ಪು ಇದೇ. ಒಂದು ಕ್ಲಾಂಪು ಕಂಪ್ರೆಸರಿಗೆ, ಇನ್ನೊಂದು ಹಾಲು ಕಲಕುವ ಮೋಟಾರಿಗೆ. ಕಲಕುವ ಮೋಟಾರು ಯಾಕೆ ಅಂದರೆ, ಅದು ನಿಂತರೆ ತಣಿಸುವ ತಳದ ಹತ್ತಿರದ ಹಾಲು ತಣ್ಣಗೆ, ಮೇಲಿನದು ಬೆಚ್ಚಗೆ. ಸೆನ್ಸರು ತಣ್ಣಗಿನ ಜಾಗದಲ್ಲಿದ್ದರೆ ಎಲ್ಲ ಸರಿಯಿದೆ ಅಂತ ಹೇಳುತ್ತಲೇ ಇರುತ್ತೆ, ಮೇಲೆ ಹಾಲು ಹುಳಿಯಾಗುತ್ತಿರುತ್ತೆ.

ಕಂಪ್ರೆಸರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಲೈಟು ಮಿನುಗುತ್ತಲ್ಲ, ಆಗಲೇ ನಿಮ್ಮ ಪೆಟ್ಟಿಗೆಯೂ ಒಂದು ಸಲ ಸತ್ತು ಹುಟ್ಟುತ್ತೆ. ಬೋರ್ಡಿಗೆ ವಿದ್ಯುತ್ತು ಯಾವಾಗಲೂ ಬ್ಯಾಟರಿಯಿಂದಲೇ ಬರುವ ಹಾಗೆ ಮಾಡಿ, ಚಾರ್ಜರು ಬ್ಯಾಟರಿಯನ್ನು ತುಂಬುತ್ತಿರಲಿ. ಪ್ರತಿ ಸಲ ಶುರುವಾದಾಗ "ಯಾಕೆ ಮರುಹುಟ್ಟಿದೆ" ಅನ್ನುವ ಕಾರಣವನ್ನು ಮೊದಲ ಸಂದೇಶದಲ್ಲೇ ಕಳಿಸಲಿ. ವೋಲ್ಟೇಜು ಬಿದ್ದದ್ದೋ, ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದ್ದೋ, ಯಾರೋ ಸ್ವಿಚ್ ಒತ್ತಿದ್ದೋ, ಚಿಪ್ಪಿಗೆ ಬಹುಪಾಲು ಗೊತ್ತಿರುತ್ತೆ. ಕೇಳುವವರು ಕಡಿಮೆ.

7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುತ್ತೆ. ಅರ್ಧ ಮಾತ್ರ ಬಳಸಿದರೂ, ಸರಾಸರಿ ಒಂದೂವರೆ ವ್ಯಾಟ್ ತಿನ್ನುವ ಪೆಟ್ಟಿಗೆ ಒಂದು ಹಗಲು ಒಂದು ರಾತ್ರಿ ತಡೆಯುತ್ತೆ. ಅಷ್ಟು ಸಾಕು.

4ಜಿ ಮಾಡ್ಯೂಲಿನ ವಿಷಯ: ಅಗ್ಗಕ್ಕೆ ಸಿಗುತ್ತೆ ಅಂತ ಹಳೆಯ 2ಜಿ ಮಾಡ್ಯೂಲು ಹಾಕಬೇಡಿ. ಅದು ಸಂದೇಶ ಕಳಿಸುವ ಕ್ಷಣದಲ್ಲಿ 2 ಆಂಪಿಯರ್ ಎಳೆಯುತ್ತೆ, ಜಿಯೋದಲ್ಲಿ 2ಜಿ ಜಾಲವೇ ಇಲ್ಲ. ಕ್ಯಾಟ್ 1 ಅನ್ನುವ ಕಡಿಮೆ ವೇಗದ ವರ್ಗದ 4ಜಿ ಮಾಡ್ಯೂಲು ಈ ಕೆಲಸಕ್ಕೆ ಧಾರಾಳ. ಸಿಮ್ಮು ಯಂತ್ರಗಳಿಗೆಂದೇ ಕೊಡುವ 13 ಅಂಕಿಯ ಎಂ2ಎಂ ಸಿಮ್ ಆಗಿರಲಿ. ಸೆಕ್ರೆಟರಿಯ ಹೆಸರಲ್ಲಿ ತೆಗೆದ ಸಾಮಾನ್ಯ ಸಿಮ್ಮು ರೀಚಾರ್ಜ್ ಮರೆತ ದಿನ ಸಾಯುತ್ತೆ.

ಸಂದೇಶ ಹೋಗುವ ದಾರಿ

ಪೆಟ್ಟಿಗೆ ಮಾತಾಡುವ ಭಾಷೆ ಎಂಕ್ಯೂಟಿಟಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ಕಟ್ಟಿದ್ದು ಮರುಭೂಮಿಯ ತೈಲ ಕೊಳವೆಗಳ ಅಳತೆಯನ್ನು ಉಪಗ್ರಹದ ಮೂಲಕ ಕಳಿಸುವುದಕ್ಕೆ. ಸಂಪರ್ಕ ದುಬಾರಿ, ಆಗಾಗ ಕಡಿಯುತ್ತೆ ಅನ್ನುವ ಲೆಕ್ಕದಲ್ಲೇ ಹುಟ್ಟಿದ ಪದ್ಧತಿ. ಮಳವಳ್ಳಿ, ನಾಗಮಂಗಲದ ಒಳಹಳ್ಳಿಗಳಿಗೆ ಇನ್ನೂ ಅದೇ ಲೆಕ್ಕ ಹೊಂದುತ್ತೆ.

ಕ್ಲೌಡ್ ಕಡೆ ಇರುವ ಬ್ರೋಕರು ಅಂಚೆ ಕಚೇರಿ ಇದ್ದ ಹಾಗೆ. ಪೆಟ್ಟಿಗೆ ಅದಕ್ಕೆ ಒಂದು ಸಲ ಸಂಪರ್ಕ ಕಟ್ಟಿ, ಹಾಗೇ ಹಿಡಿದುಕೊಂಡಿರಬೇಕು. ನಿಮಿಷಕ್ಕೊಂದು ಸಲ ಹೊಸದಾಗಿ ಕಟ್ಟುವುದು ಎಷ್ಟು ದಂಡ ಅಂತ ಲೆಕ್ಕ ಹಾಕಿ. ನಿಮಿಷಕ್ಕೊಂದು ಓದು ಅಂದರೆ ತಿಂಗಳಿಗೆ 43,200. ಒಂದೊಂದೂ 200 ಬೈಟ್ ಅಂದುಕೊಂಡರೆ ಸುಮಾರು 8.6 ಎಂಬಿ. ಆದರೆ ಗೂಢಲಿಪಿಯ ಸಂಪರ್ಕ ಹೊಸದಾಗಿ ಕಟ್ಟುವಾಗ ಗುರುತು ಸಾಬೀತು ಮಾಡುವ ಡಿಜಿಟಲ್ ಪ್ರಮಾಣಪತ್ರಗಳ ವಿನಿಮಯಕ್ಕೇ ಸುಮಾರು 6 ಕೆಬಿ ಹೋಗುತ್ತೆ. ಪ್ರತಿ ನಿಮಿಷವೂ ಕಟ್ಟಿದರೆ ತಿಂಗಳಿಗೆ 260 ಎಂಬಿ. ಹಾಲಿನ ತಾಪಮಾನ ಹೇಳುವುದಕ್ಕಿಂತ "ನಾನು ಇಂಥವನು" ಅಂತ ಪರಿಚಯ ಮಾಡಿಕೊಳ್ಳುವುದಕ್ಕೇ 30 ಪಟ್ಟು ಖರ್ಚು.

ಇನ್ನೂ ಒಳ್ಳೆಯದು, ಸಾಮಾನ್ಯ ಹೊತ್ತಿನಲ್ಲಿ ಐದು ನಿಮಿಷದ ಐದು ಓದನ್ನು ಒಂದೇ ಸಂದೇಶದಲ್ಲಿ ಕಟ್ಟಿ ಕಳಿಸಿ. ತಿಂಗಳಿಗೆ 8,640 ಸಂದೇಶ. ಏನಾದರೂ ಕೆಟ್ಟರೆ ಮಾತ್ರ ಐದು ನಿಮಿಷ ಕಾಯದೆ ತಕ್ಷಣ ಕಳಿಸಲಿ.

ಸಂಪರ್ಕ ಕಡಿದಾಗ ಪೆಟ್ಟಿಗೆ ಓದುಗಳನ್ನು ತನ್ನಲ್ಲೇ ಕೂಡಿಟ್ಟುಕೊಳ್ಳಬೇಕು. ಒಂದು ಓದಿಗೆ 16 ಬೈಟ್ ಸಾಕು, ದಿನಕ್ಕೆ 23 ಕೆಬಿ. ಚಿಪ್ಪಿನ ನೆನಪಿನಲ್ಲಿ ಒಂದು ಎಂಬಿ ಮೀಸಲಿಟ್ಟರೆ 45 ದಿನ ತಡೆಯುತ್ತೆ. ಆದರೆ ಈ ಫ್ಲ್ಯಾಶ್ ನೆನಪಿನ ಒಂದೊಂದು ಖಾನೆಯೂ ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವಷ್ಟೇ ಬಾಳುತ್ತೆ. "ಕೊನೆಯ ಓದು" ಅಂತ ಒಂದೇ ಜಾಗದಲ್ಲಿ ನಿಮಿಷಕ್ಕೊಮ್ಮೆ ಅಳಿಸಿ ಬರೆಯುವ ಪ್ರೋಗ್ರಾಮು 70 ದಿನಕ್ಕೆ ಆ ಜಾಗವನ್ನು ಸವೆಸಿಬಿಡುತ್ತೆ. ಆಮೇಲೆ "ಚೆನ್ನಾಗಿತ್ತು, ಯಾಕೋ ಎರಡು ತಿಂಗಳಾದ ಮೇಲೆ ಎಲ್ಲ ಪೆಟ್ಟಿಗೆನೂ ಒಂದೇ ವಾರದಲ್ಲಿ ಕೆಟ್ಟವು" ಅನ್ನುವ ದೂರು. ಜಾಗ ಬದಲಿಸುತ್ತ, ಹತ್ತು ಹದಿನೈದು ಓದನ್ನು ಒಟ್ಟಿಗೆ ಬರೆಯುವ ಕಡತ ವ್ಯವಸ್ಥೆ ಬಳಸಿ.

ಸಂಪರ್ಕ ಮರಳಿದಾಗ ಹಳೆಯದನ್ನು ನಿಧಾನಕ್ಕೆ ಕಳಿಸಲಿ, ಹೊಸ ಓದಿಗೆ ಮೊದಲ ದಾರಿ ಇರಲಿ. ಎಚ್ಚರಿಕೆ ಕೊಡುವ ನಿಯಮ ನೋಡಬೇಕಾದ್ದು ಓದಿನ ಸಮಯ, ಸಂದೇಶ ತಲುಪಿದ ಸಮಯ ಅಲ್ಲ. ಇಲ್ಲದಿದ್ದರೆ ನಿನ್ನೆ ಸಂಜೆಯ 18 ಡಿಗ್ರಿ ಇವತ್ತು ಮಧ್ಯಾಹ್ನ ಬಂದಿಳಿದು ಗಾಬರಿ ಎಬ್ಬಿಸುತ್ತೆ. ಒಂದು ಸಂದೇಶ ತಲುಪಿತು ಅನ್ನುವ ರಸೀದಿ ಬರುವವರೆಗೆ ಮತ್ತೆ ಕಳಿಸುವ ಪದ್ಧತಿಯಲ್ಲಿ ಅದೇ ಓದು ಎರಡು ಸಲ ತಲುಪುವುದು ಸಹಜ. ಅಮೆಜಾನಿನ ಬ್ರೋಕರಿನಲ್ಲಿ "ಸರಿಯಾಗಿ ಒಂದೇ ಸಲ" ಅನ್ನುವ ದರ್ಜೆಯೇ ಇಲ್ಲ. ಅದಕ್ಕೇ ಪೆಟ್ಟಿಗೆಯ ಗುರುತು, ಓದಿನ ಸಮಯ ಎರಡನ್ನೂ ಸೇರಿಸಿ ದಾಖಲೆಯ ಕೀಲಿ ಮಾಡಿ. ಎರಡನೆಯದು ಬಂದರೆ ಮೊದಲಿನದರ ಮೇಲೇ ಕೂರುತ್ತೆ. ತಾಪಮಾನಕ್ಕೆ ಇದು ದೊಡ್ಡ ವಿಷಯವಲ್ಲ. ಲೀಟರು, ಯೂನಿಟ್ಟು ಕೂಡುವಾಗ ದುಡ್ಡಿನ ವಿಷಯ.

ಸಮಯ ಅಂದಾಗ ಇನ್ನೆರಡು ಮಾತು. ಇಎಸ್‌ಪಿ32 ಕರೆಂಟ್ ಹೋಗಿ ಬಂದಾಗ ತಾನು 1970ರ ಜನವರಿ 1ರಲ್ಲಿದ್ದೇನೆ ಅಂದುಕೊಳ್ಳುತ್ತೆ. ಪ್ರಮಾಣಪತ್ರದ ದಿನಾಂಕ ತಾಳೆ ನೋಡುವ ಸೌಲಭ್ಯ ಆನ್ ಮಾಡಿದ್ದರೆ, ಮಾಡಿರಲೇಬೇಕು, "ಈ ಪತ್ರ ಇನ್ನೂ ಹುಟ್ಟೇ ಇಲ್ಲ" ಅಂತ ಸಂಪರ್ಕವನ್ನೇ ನಿರಾಕರಿಸುತ್ತೆ. ಡಿಎಸ್3231 ಹಾಕುವುದು ಇದಕ್ಕೇ. ಅದರ ಗಡಿಯಾರ ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ಆಚೀಚೆ ಆಗುತ್ತೆ. ಎರಡನೆಯದು, ಕ್ಲೌಡಿನ ದಿನ ಗ್ರೀನಿಚ್ ಸಮಯದ ನಡುರಾತ್ರಿಗೆ ಮಗುಚುತ್ತೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ. ದಿನದ ವರದಿ ಹಾಗೇ ಬಿಟ್ಟರೆ ಐದೂ ಕಾಲಿಗೇ ಕ್ಯಾನು ಹಿಡಿದು ಬಂದವರ ಹಾಲು ನಿನ್ನೆಯ ಲೆಕ್ಕಕ್ಕೂ ಮಿಕ್ಕವರದ್ದು ಇವತ್ತಿನ ಲೆಕ್ಕಕ್ಕೂ ಸೇರುತ್ತೆ. ದಾಖಲೆ ಗ್ರೀನಿಚ್ ಸಮಯದಲ್ಲಿರಲಿ, ವರದಿ ಕತ್ತರಿಸುವುದು ಮಾತ್ರ ನಮ್ಮ ಸಮಯಕ್ಕೆ.

ಮೌನಕ್ಕೆ ಮೂರು ಅರ್ಥ

ಎಂಕ್ಯೂಟಿಟಿಯಲ್ಲಿ ಉಯಿಲಿನಂಥ ಒಂದು ಏರ್ಪಾಡಿದೆ. ಪೆಟ್ಟಿಗೆ ಸಂಪರ್ಕ ಕಟ್ಟುವಾಗಲೇ "ನಾನು ಹೇಳದೆ ಕೇಳದೆ ಹೋದರೆ ನನ್ನ ಪರವಾಗಿ ಈ ಸಂದೇಶ ಹೊರಡಿಸಿ" ಅಂತ ಬ್ರೋಕರಿನ ಹತ್ತಿರ ಬರೆದಿಟ್ಟಿರುತ್ತೆ. ಇಂತಿಷ್ಟು ಸೆಕೆಂಡಿಗೊಮ್ಮೆ ಜೀವಂತ ಇದ್ದೇನೆ ಅಂತ ಹೇಳುವ ಕರಾರೂ ಇರುತ್ತೆ. ಕರಾರು 60 ಸೆಕೆಂಡು ಅಂತಿಟ್ಟರೆ, ಅದರ ಒಂದೂವರೆ ಪಟ್ಟು, 90 ಸೆಕೆಂಡು ಸುಳಿವಿಲ್ಲದಿದ್ದರೆ ಬ್ರೋಕರು ಉಯಿಲು ಓದುತ್ತೆ.

ಈಗ ಅರ್ಥ ಹಚ್ಚಬೇಕು. ಪೆಟ್ಟಿಗೆ "ಮೇನ್ ಹೋಯಿತು, ಬ್ಯಾಟರಿ ಮೇಲಿದ್ದೇನೆ" ಅಂತ ಹೇಳಿ ಮಾತು ಮುಂದುವರಿಸಿದರೆ ಅದು ಬರೀ ಕರೆಂಟಿನ ವಿಷಯ. ಏನೂ ಹೇಳದೆ ಸುಮ್ಮನಾಗಿ, ಸುತ್ತಿನ ನಾಲ್ಕು ಊರಿನ ಪೆಟ್ಟಿಗೆಗಳೂ ಅದೇ ಹೊತ್ತಿಗೆ ಸುಮ್ಮನಾದರೆ ಟವರಿನ ತೊಂದರೆ. ಸುತ್ತಿನವು ಮಾತಾಡುತ್ತಿದ್ದು ಇದೊಂದೇ ಸುಮ್ಮನಾದರೆ ಸಿಮ್ಮೋ ಬೋರ್ಡೋ ಬ್ಯಾಟರಿಯೋ ಕೆಟ್ಟಿದೆ, ಇಲ್ಲವೆ ಯಾರೋ ಮೊಬೈಲ್ ಚಾರ್ಜಿಗೆ ಅಂತ ಪ್ಲಗ್ ಕಿತ್ತು ಬ್ಯಾಟರಿ ಇಳಿದಿದೆ. ನಗಬೇಡಿ, ಪ್ಲಗ್ ಕೀಳುವುದು ಎಲ್ಲಕ್ಕಿಂತ ಸಾಮಾನ್ಯ ಕಾರಣ. ಸಾಕೆಟ್ಟೇ ಇಲ್ಲದ ಹಾಗೆ ನೇರ ವೈರಿಂಗ್ ಮಾಡಿಸಿ. ಮೇನ್ ಹೋಗಿ ನಾಲ್ಕೈದು ಗಂಟೆ ಆದ ಮೇಲೆ ಊರಿಗೂರೇ ಸುಮ್ಮನಾದರೆ ಟವರಿನ ಬ್ಯಾಟರಿಯೂ ಮುಗಿದಿದೆ ಅಂತ ಅರ್ಥ. ಅಕ್ಕಪಕ್ಕದವರ ಜೊತೆ ಹೋಲಿಸುವ ಈ ಕೆಲಸ ಒಂಟಿ ಪೆಟ್ಟಿಗೆಯಿಂದ ಆಗುವುದೇ ಇಲ್ಲ.

ಹೋದ ಕರೆಂಟ್ ಬಂದಾಗ ಇನ್ನೊಂದು ಪಜೀತಿ. ರೂಟರೋ ಟವರೋ ಎದ್ದ ಕೂಡಲೇ ಎಲ್ಲ ಪೆಟ್ಟಿಗೆಗಳೂ ಒಂದೇ ಸೆಕೆಂಡಿಗೆ ಬಾಗಿಲು ಬಡಿಯುತ್ತವೆ, ಕೆಲವಕ್ಕೆ ಬಾಗಿಲು ತೆರೆಯುವುದಿಲ್ಲ, ಅವು ಮತ್ತೆ ಒಟ್ಟಿಗೇ ಬಡಿಯುತ್ತವೆ. ಪ್ರತಿಯೊಂದೂ ಸೊನ್ನೆಯಿಂದ 120 ಸೆಕೆಂಡಿನೊಳಗೆ ಯಾವುದೋ ಒಂದು ಹೊತ್ತು ಕಾದು ಹೋಗಲಿ. ಸೋತರೆ 2, 4, 8 ಸೆಕೆಂಡು ಹೀಗೆ ದುಪ್ಪಟ್ಟು ಮಾಡುತ್ತ ಐದು ನಿಮಿಷದವರೆಗೆ ಹಿಂದೆ ಸರಿಯಲಿ.

ಯಾವಾಗ ಕೂಗಬೇಕು

"6 ಡಿಗ್ರಿ ದಾಟಿದರೆ ಕರೆ ಮಾಡು" ಅನ್ನುವ ನಿಯಮ ಒಂದು ವಾರ ಬಾಳುವುದಿಲ್ಲ. ಬೆಳಿಗ್ಗೆ ಬಿಸಿ ಹಾಲು ಸುರಿದಾಗಲೆಲ್ಲ ದಾಟುತ್ತೆ. ಟ್ಯಾಂಕರು ಬಂದು ಹಾಲು ಎಳೆದುಕೊಂಡು ಗೆಜ್ಜಲಗೆರೆಗೋ ಮೈಸೂರಿಗೋ ಹೊರಟ ಮೇಲೆ ಬಿಸಿನೀರು ಹಾಕಿ ತೊಳೆಯುವಾಗ 60 ಡಿಗ್ರಿಯೂ ಆಗುತ್ತೆ. ದಿನಕ್ಕೆ ಮೂರು ಸಲ ಸುಳ್ಳು ಕರೆ ಬಂದರೆ ಸೆಕ್ರೆಟರಿ ಆ ನಂಬರನ್ನು ಬ್ಲಾಕ್ ಮಾಡುತ್ತಾರೆ, ಅವರದ್ದೇನೂ ತಪ್ಪಿಲ್ಲ.

ಹಾಲಿನ ತಾಪಮಾನದ ಜೊತೆ ಕಂಪ್ರೆಸರಿನ ಕರೆಂಟನ್ನೂ ಇಟ್ಟು ನೋಡಿ. ಹಾಲು ಬೆಚ್ಚಗಿದೆ, ಕಂಪ್ರೆಸರು ಓಡುತ್ತಿದೆ, ತಾಪಮಾನ ಇಳಿಯುತ್ತಿದೆ: ಸುಮ್ಮನಿರಿ. ಹಾಲು ಬೆಚ್ಚಗಿದೆ, ಕಂಪ್ರೆಸರಿನ ಕರೆಂಟ್ ಸೊನ್ನೆ, ಹತ್ತು ನಿಮಿಷವಾಯಿತು: ತಕ್ಷಣ ಕರೆ, ಜನರೇಟರು ಶುರು ಮಾಡಬೇಕು. ಕಂಪ್ರೆಸರು ಓಡುತ್ತಿದೆ, ಆದರೆ 30 ನಿಮಿಷದಲ್ಲಿ 2 ಡಿಗ್ರಿಯೂ ಇಳಿದಿಲ್ಲ, ಹೊಸ ಹಾಲೂ ಸುರಿದಿಲ್ಲ: ಮೆಕ್ಯಾನಿಕ್ಕಿಗೆ ಕರೆ. ಹಾಲು 4 ಡಿಗ್ರಿಯಲ್ಲಿದೆ, ಕರೆಂಟ್ ಹೋಗಿದೆ: ಬರೀ ದಾಖಲೆ ಸಾಕು, ಒಳ್ಳೆಯ ಟ್ಯಾಂಕಿನಲ್ಲಿ ತಣಿದ ಹಾಲು ಕೆಲವು ಗಂಟೆ ತಡೆಯುತ್ತೆ. ಸಂಜೆ ಏಳರ ಪವರ್ ಕಟ್ಟೂ ನಡುರಾತ್ರಿಯ ಪವರ್ ಕಟ್ಟೂ ಒಂದೇ ಅಲ್ಲ ಅನ್ನುವುದು ಇದಕ್ಕೇ. ಮೊದಲನೆಯದರಲ್ಲಿ ಹಾಲು ಇನ್ನೂ ಬಿಸಿ. ತೊಳೆಯುವ ಹೊತ್ತಿಗೆ ಪೆಟ್ಟಿಗೆಯ ಮೇಲೆ ಒಂದು ಬಟನ್ ಇರಲಿ, ಒತ್ತಿದರೆ 90 ನಿಮಿಷ ತಾಪಮಾನದ ಕೂಗು ಬಂದ್, ತಾನೇ ಮತ್ತೆ ಚಾಲೂ.

ಮೂರು ಫೇಸಿನಲ್ಲಿ ಒಂದು ಹೋಗಿ ಎರಡೇ ಉಳಿದರೆ ಕಂಪ್ರೆಸರಿನ ಮೋಟಾರು ಸುಡುತ್ತೆ. ಇದಕ್ಕೆ ಕ್ಲೌಡನ್ನು ನಂಬುವ ಮಾತೇ ಇಲ್ಲ. ಒಂದು ಫೇಸ್ ಹೋದ ಕೂಡಲೇ ಮೋಟಾರಿನ ಕರೆಂಟ್ ಕಡಿಯುವ ಫೇಸ್ ಫೇಲ್ಯೂರ್ ರಿಲೇ ಪ್ಯಾನೆಲ್ಲಿನಲ್ಲೇ ಇರಬೇಕು. ಕಂಪ್ರೆಸರನ್ನು ಆನ್ ಆಫ್ ಮಾಡುವುದು ಟ್ಯಾಂಕಿನ ಥರ್ಮೋಸ್ಟಾಟಿನ ಕೆಲಸ, ಸೈರನ್ ಊದುವುದು ಪೆಟ್ಟಿಗೆಯ ಕೆಲಸ. ಇಂಟರ್ನೆಟ್ ವಾರಗಟ್ಟಲೆ ಇಲ್ಲದಿದ್ದರೂ ಇವೆರಡೂ ನಡೆಯಬೇಕು. ಮೊಬೈಲಿನಿಂದ ಕಂಪ್ರೆಸರ್ ಆಫ್ ಮಾಡುವ ಸೌಲಭ್ಯ ಕೊಡುತ್ತೇವೆ ಅಂದವರಿಗೆ ಬೇಡ ಅನ್ನಿ.

ಕೂಗುವ ಮಾಧ್ಯಮ ಫೋನ್ ಕರೆಯೇ ಆಗಿರಲಿ, ಕನ್ನಡದಲ್ಲಿ ಮೊದಲೇ ರೆಕಾರ್ಡ್ ಮಾಡಿದ ಎರಡು ವಾಕ್ಯ ಸಾಕು. ರಾತ್ರಿ ಹೊತ್ತು ವಾಟ್ಸಾಪ್ ಸಂದೇಶ ಯಾರೂ ನೋಡುವುದಿಲ್ಲ. ಕರೆ ಎತ್ತಿ 1 ಒತ್ತದಿದ್ದರೆ ಹತ್ತು ನಿಮಿಷಕ್ಕೆ ಹಾಲು ಅಳೆಯುವ ಹುಡುಗನಿಗೆ, ಆಮೇಲೆ ಮೆಕ್ಯಾನಿಕ್ಕಿಗೆ. ಎಸ್‌ಎಂಎಸ್ ಬೇಕೇ ಬೇಕು ಅಂದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಕಳಿಸುವವರ ಹೆಸರನ್ನೂ ಒಕ್ಕಣೆಯನ್ನೂ ಡಿಎಲ್‌ಟಿ ಅನ್ನುವ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಕನ್ನಡದ ಎಸ್‌ಎಂಎಸ್ಸಿಗೆ ಮಿತಿ 70 ಅಕ್ಷರ, ಇಂಗ್ಲಿಷಿನ ಹಾಗೆ 160 ಅಲ್ಲ. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. "ಡಿಗ್ರಿ" ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ, ಯಂತ್ರಕ್ಕೆ ಆರು. "ಹಾಲು ಬಿಸಿ, ಮೋಟಾರ್ ನಿಂತಿದೆ" ಅನ್ನುವಷ್ಟು ಚುಟುಕಾಗಿರಲಿ.

ದುಡ್ಡು, ಮತ್ತು ಮುಚ್ಚಿಹೋಗುವ ಅಂಗಡಿಗಳು

50 ಡೇರಿಗೆ, ಐದು ನಿಮಿಷಕ್ಕೊಂದು ಸಂದೇಶ ಅಂದರೆ ತಿಂಗಳಿಗೆ 4.32 ಲಕ್ಷ ಸಂದೇಶ. ದೊಡ್ಡ ಕ್ಲೌಡಿನವರಲ್ಲಿ ಹತ್ತು ಲಕ್ಷ ಸಂದೇಶಕ್ಕೆ ದರ ಒಂದು ಡಾಲರಿನ ಆಸುಪಾಸು. ಸಂದೇಶದ ಖರ್ಚು ಚಹಾ ಕಾಸು. ಬಿಲ್ಲು ಏರುವುದು ಬೇರೆ ಕಡೆ: ಪರೀಕ್ಷೆಗೆ ಅಂತ ಆನ್ ಮಾಡಿ ಮರೆತ ವಿವರವಾದ ಲಾಗು, ಹತ್ತು ಸೆಕೆಂಡಿಗೊಮ್ಮೆ ಇಡೀ ವರ್ಷದ ದಾಖಲೆ ಜಾಲಾಡುವ ಡ್ಯಾಶ್‌ಬೋರ್ಡು, ಎಂದೂ ಅಳಿಸದ ಕಚ್ಚಾ ದತ್ತಾಂಶ. ನಿಮಿಷದ ಓದು 90 ದಿನ ಇಟ್ಟು, ಆಮೇಲೆ ಗಂಟೆಯ ಲೆಕ್ಕ ಮಾತ್ರ ಉಳಿಸಿ. ಗಂಟೆಯ ಲೆಕ್ಕದಲ್ಲಿ ಸರಾಸರಿ ಒಂದೇ ಸಾಲದು, ಕನಿಷ್ಠ ಗರಿಷ್ಠ ಎರಡೂ ಇರಬೇಕು. ಸರಾಸರಿ 6 ಅಂದರೆ ಇಡೀ ಗಂಟೆ 6 ಇತ್ತೋ, ಮೊದಲರ್ಧ 4 ಇದ್ದು ಉಳಿದರ್ಧ 8 ಆಯಿತೋ ತಿಳಿಯುವುದಿಲ್ಲ. ಖಾತೆ ತೆರೆದ ದಿನವೇ ಬಿಲ್ಲು ಇಷ್ಟು ದಾಟಿದರೆ ತಿಳಿಸು ಅಂತ ಮಿತಿ ಹಾಕಿ.

ಇಂಥ ಪೆಟ್ಟಿಗೆಗಳನ್ನು ಕ್ಲೌಡಿಗೆ ಜೋಡಿಸುವ ತನ್ನ ಐಒಟಿ ಕೋರ್ ಸೇವೆಯನ್ನು ಗೂಗಲ್ 2023ರ ಆಗಸ್ಟ್ 16ಕ್ಕೆ ಮುಚ್ಚಿತು. ಅಷ್ಟು ದೊಡ್ಡವರೇ ಮುಚ್ಚುತ್ತಾರೆ ಅಂದಮೇಲೆ ಪೆಟ್ಟಿಗೆಯೊಳಗೆ ಕ್ಲೌಡ್ ಕಂಪನಿಯ ವಿಳಾಸ ಬರೆಯಬಾರದು. ನಿಮ್ಮದೇ ಒಂದು ಡೊಮೇನ್ ಹೆಸರು ತೆಗೆದು ಅದನ್ನು ಬರೆಯಿರಿ, ನಾಳೆ ಅದು ಯಾವ ಬ್ರೋಕರಿನ ಕಡೆ ಬೊಟ್ಟು ಮಾಡಬೇಕು ಅನ್ನುವುದು ನಿಮ್ಮ ಕೈಲಿರುತ್ತೆ. ಬ್ರೋಕರಿನ ಪತ್ರ ನಿಜವೋ ಅಂತ ತಾಳೆ ನೋಡುವುದಕ್ಕೆ ಪೆಟ್ಟಿಗೆಯೊಳಗೆ ಇಡುವ ಮೂಲ ಪ್ರಮಾಣಪತ್ರವೂ ಹಾಗೆಯೇ. ಪ್ರಮಾಣಪತ್ರ ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಾಗ ಅದೊಂದನ್ನೇ ನಂಬಿದ್ದ ಹಳೆಯ ಉಪಕರಣಗಳು ಮೂಕವಾದವು. ಎರಡು ಮೂಲಪತ್ರ ಇಡಿ, ದೂರದಿಂದಲೇ ಬದಲಿಸುವ ದಾರಿ ಇಡಿ. ಪ್ರತಿ ಪೆಟ್ಟಿಗೆಗೂ ಅದರದ್ದೇ ಗುಟ್ಟಿನ ಕೀಲಿ, ತನ್ನ ಹೆಸರಿನಲ್ಲಿ ಮಾತ್ರ ಬರೆಯುವ ಅಧಿಕಾರ. ಊರಿನ ಹೆಸರನ್ನು ಪೆಟ್ಟಿಗೆಯ ಗುರುತಿನಲ್ಲಿ ಸೇರಿಸಬೇಡಿ. ಪೆಟ್ಟಿಗೆ ಕೆಟ್ಟು ರಿಪೇರಿಯಾಗಿ ಬೇರೆ ಊರಿಗೆ ಹೋಗುತ್ತೆ, ಪಾಂಡವಪುರದ ಹೆಸರು ಹೊತ್ತು ಮದ್ದೂರಿನ ಹಾಲು ಅಳೆಯುತ್ತೆ.

ಹೊಸ ಪ್ರೋಗ್ರಾಮನ್ನು ದೂರದಿಂದ ಹಾಕುವಾಗ ನೆನಪಿನಲ್ಲಿ ಎರಡು ಖಾನೆ ಇರಬೇಕು. ಹೊಸದು ಶುರುವಾಗಿ ಹತ್ತು ನಿಮಿಷದೊಳಗೆ ಬ್ರೋಕರನ್ನು ತಲುಪದಿದ್ದರೆ ತಾನೇ ಹಳೆಯದಕ್ಕೆ ಮರಳಲಿ. ಮೊದಲು ಎರಡು ಪೆಟ್ಟಿಗೆ, ಮೂರು ದಿನ ಬಿಟ್ಟು ಹತ್ತು, ಆಮೇಲೆ ಮಿಕ್ಕವು. ಹಾಲು ಹಾಕುವ ಹೊತ್ತಿನಲ್ಲಿ ಬೇಡ.

ಆಲೆಮನೆಯವರೂ ಆಗಾಗ ಕೇಳುತ್ತಾರೆ, ಬೆಲ್ಲಕ್ಕೂ ಇದು ಆಗುತ್ತಾ ಅಂತ. ಪಾಕ ಸುಮಾರು 118 ಡಿಗ್ರಿ ಮುಟ್ಟುವಾಗ ಇಳಿಸುವುದಕ್ಕೆ ಸಿಗುವುದು ಕೆಲವೇ ಕ್ಷಣ. ಕೊಪ್ಪರಿಗೆ ಹತ್ತಿರ ಒಂದು ಒಳ್ಳೆಯ ಥರ್ಮಾಮೀಟರು, ಜೊತೆಗೆ ಪಾಕ ನೋಡಿ ಹದ ಹೇಳುವವರ ಕಣ್ಣು, ಇವೆರಡರ ಮುಂದೆ ಕ್ಲೌಡಿಗೆ ಏನೂ ಕೆಲಸವಿಲ್ಲ.

ಹೊರಡುವ ಮುನ್ನ

ಪೆಟ್ಟಿಗೆ ಕೂರಿಸಿದ ದಿನ ಡೇರಿಯಿಂದ ಹೊರಡುವ ಮುನ್ನ ನಾಲ್ಕು ಪರೀಕ್ಷೆ ಮಾಡಿ, ಸೆಕ್ರೆಟರಿ ಪಕ್ಕದಲ್ಲೇ ಇರಲಿ. ಮೇನ್ ಸ್ವಿಚ್ ಇಳಿಸಿ: ಎರಡು ನಿಮಿಷದೊಳಗೆ ಮೇನ್ ಹೋದ ಸುದ್ದಿ ದಾಖಲಾಗಬೇಕು, ಟ್ಯಾಂಕಿನಲ್ಲಿ ಬಿಸಿ ಹಾಲಿದ್ದರೆ ಹತ್ತು ನಿಮಿಷಕ್ಕೆ ಕರೆ ಬರಬೇಕು. ಸ್ವಿಚ್ ಏರಿಸಿ ಸೆನ್ಸರಿನ ಕನೆಕ್ಟರ್ ಕೀಳಿ: ಸೆನ್ಸರ್ ಇಲ್ಲ ಅನ್ನಬೇಕೇ ಹೊರತು ತಾಪಮಾನ ಮೈನಸ್ 127 ಅನ್ನಬಾರದು. 4ಜಿ ಆಂಟೆನಾ ಬಿಚ್ಚಿ, ಇಲ್ಲವೆ ಮಾಡ್ಯೂಲಿನ ವಿದ್ಯುತ್ತು ತಪ್ಪಿಸಿ, ಅರ್ಧ ಗಂಟೆ ಬಿಡಿ: 90 ಸೆಕೆಂಡಿನ ಆಚೀಚೆ ಉಯಿಲಿನ ಸಂದೇಶ ಹೊರಡಬೇಕು, ಮತ್ತೆ ಜೋಡಿಸಿದ ಮೇಲೆ ಆ ಅರ್ಧ ಗಂಟೆಯ 30 ಓದೂ ತಮ್ಮ ತಮ್ಮ ಸಮಯದ ಎದುರೇ ಬಂದು ಕೂರಬೇಕು, ಯಾವ ಹಳೆಯ ಕೂಗೂ ಏಳಬಾರದು. ಕೊನೆಗೆ ಪೆಟ್ಟಿಗೆಯ ಬ್ಯಾಟರಿಯ ವೈರನ್ನೇ ಕಿತ್ತು, ಅರ್ಧ ನಿಮಿಷ ಬಿಟ್ಟು ಜೋಡಿಸಿ. ಮೊದಲ ಸಂದೇಶದಲ್ಲಿ ಇವತ್ತಿನ ದಿನಾಂಕ ಇದ್ದರೆ ಹೊರಡಬಹುದು. ಸಂದೇಶವೇ ಬಾರದಿದ್ದರೆ, ಇಲ್ಲವೆ ಯಾವುದೋ ಹಳೆಯ ದಿನಾಂಕ ಬಂದರೆ, ಗಡಿಯಾರದ ಚಿಪ್ಪಿನ ಪುಟ್ಟ ಸೆಲ್ಲು ಹಾಕುವುದನ್ನು ಯಾರೋ ಮರೆತಿರಬೇಕು, ಮುಚ್ಚಳ ಮತ್ತೆ ಬಿಚ್ಚಿ.